ಮಟ್ಟಿ ಮತ್ತು ಮೈದಾನ: ಕಥೋಲಿಕ ಪ್ರೌಢಶಾಲೆಯ ಕ್ರೀಡಾಪರಂಪರೆ ಹಾಗೂ ಚಿತ್ರದುರ್ಗ ಸೀಮೆ

ಕರ್ನಾಟಕದ ಶಿಕ್ಷಣ ಚರಿತ್ರೆಯನ್ನು ಕುರಿತ ಅಧ್ಯಯನಗಳಲ್ಲಿ ಪಠ್ಯಕ್ರಮ, ಪರೀಕ್ಷೆ, ಅನುದಾನ, ಭಾಷಾಮಾಧ್ಯಮ ಮೊದಲಾದ ವಿಷಯಗಳಿಗೆ ಸಾಕಷ್ಟು ಸ್ಥಾನ ದೊರೆತಿದೆ. ಶಾಲೆಯ ಹಿಂಬದಿಯ ಆಟದ ಬಯಲಿಗೆ ಅಷ್ಟು ಗಮನ ದೊರೆತಿಲ್ಲ. ಬಿ. ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್ ಆಗಲಿ, ಅನಂತರ ಬಂದ ಸಿ. ಹಯವದನರಾಯರ ಸಂಪುಟಗಳಾಗಲಿ ಶಾಲೆಗಳ ಸಂಖ್ಯೆ, ವಿದ್ಯಾರ್ಥಿಗಳ ಸಂಖ್ಯೆ, ಖರ್ಚುವೆಚ್ಚಗಳನ್ನು ಕೊಡುವಷ್ಟು ಧಾರಾಳವಾಗಿ ಆಟಪಾಟಗಳ ವಿವರವನ್ನು ಕೊಡುವುದಿಲ್ಲ. ಈ ಕೊರತೆಯ ಪರಿಣಾಮವಾಗಿ ಒಂದು ಸಾಮಾನ್ಯ ಅಭಿಪ್ರಾಯ ಬೆಳೆದುಬಂದಿದೆ: ಶಾಲಾಕ್ರೀಡೆಯು ಕ್ರೈಸ್ತ ಮಿಷನರಿಗಳಿಂದ, ಅದರಲ್ಲಿಯೂ ವಸತಿಸಹಿತವಾದ ಕಥೋಲಿಕ ಪ್ರೌಢಶಾಲೆಗಳಿಂದ ಆರಂಭವಾಗಿ ಕ್ರಮೇಣ ಸರ್ಕಾರಿ ಮತ್ತು ಖಾಸಗಿ ಶಾಲೆಗಳಿಗೆ ಹರಡಿತೆಂಬುದು. ಬೆಂಗಳೂರು, ಮಂಗಳೂರುಗಳ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳ ಮಟ್ಟಿಗೆ ಅದು ನಿಲ್ಲುವುದಿಲ್ಲ. ಅಲ್ಲಿ ಅಂಗಸಾಧನೆ ಶಾಲೆಗಿಂತ ಹಳೆಯದು. ಒಂದು ಪ್ರಸಿದ್ಧ ನಿದರ್ಶನದಲ್ಲಂತೂ ಶಾಲೆಯೇ ಅಂಗಸಾಧನೆಯ ಬೆನ್ನಹಿಂದೆ ಬಂದಿತು. ಪ್ರಸ್ತುತ ಲೇಖನವು ಈ ವ್ಯತ್ಯಾಸವನ್ನೂ ಅದರ ಕಾರಣಗಳನ್ನೂ ಪರಿಶೀಲಿಸುತ್ತದೆ.

ಇಂದಿನ ಚಿತ್ರದುರ್ಗ ಜಿಲ್ಲೆಯಲ್ಲಿ ಆರು ತಾಲ್ಲೂಕುಗಳಿವೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ದಾವಣಗೆರೆ, ಹರಿಹರ, ಜಗಳೂರುಗಳೂ ಇದರಲ್ಲಿಯೇ ಸೇರಿದ್ದವು. ಹಳೆಯ ದಾಖಲೆಗಳಲ್ಲಿ ಜಿಲ್ಲೆಯ ಹೆಸರಿನಲ್ಲಿ ಬರುವ ಅಂಕಿಸಂಖ್ಯೆಗಳನ್ನು ಬಳಸುವಾಗ ಈ ಅಂಶವನ್ನು ನೆನಪಿನಲ್ಲಿಡಬೇಕು. ಇಲ್ಲವಾದಲ್ಲಿ ದಾವಣಗೆರೆಯ ವ್ಯಾಪಾರಿ ಸಂಪತ್ತಿನಿಂದ ಬೆಳೆದ ವಿದ್ಯಾಸಂಸ್ಥೆಗಳು ದುರ್ಗದ ಲೆಕ್ಕಕ್ಕೆ ಬಂದುಬಿಡುತ್ತವೆ. ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳು ಬಹುಪಾಲು ಮಳೆಯಾಶ್ರಿತ ಬಯಲುಸೀಮೆ. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರದ ನೀರು ಇಪ್ಪತ್ತನೆಯ ಶತಮಾನದ ಆರಂಭದಿಂದ ಹಿರಿಯೂರಿನ ಒಂದು ಭಾಗಕ್ಕೆ ಹಸಿರನ್ನು ತಂದಿತು. ಉಳಿದೆಡೆ ರಾಗಿ, ಜೋಳ, ಕಡಲೆಕಾಯಿಗಳ ಬೇಸಾಯ, ಕುರಿಸಾಕಣೆ, ಮಳೆಗಾಗಿ ಕಾಯುವಿಕೆ. ಇಂತಹ ನಾಡಿನಲ್ಲಿ ಹುಲ್ಲುಹಾಸಿನ ಕ್ರಿಕೆಟ್ ಅಂಗಣವನ್ನು ಕಲ್ಪಿಸಿಕೊಳ್ಳುವುದು ಕಷ್ಟವೇ.

ಚಿತ್ರದುರ್ಗದ ಪಾಳೆಯಗಾರರ ಆಳ್ವಿಕೆ ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ತಿಮ್ಮಣ್ಣ ನಾಯಕನಿಂದ ಆರಂಭವಾಗಿ 1779ರಲ್ಲಿ ಹೈದರಾಲಿಯು ಕೋಟೆಯನ್ನು ಹಿಡಿದುಕೊಳ್ಳುವುದರೊಂದಿಗೆ ಮುಗಿಯಿತು. ಕೋಟೆಯೊಳಗೆ ಇಂದಿಗೂ ಗರಡಿಮನೆಯೆಂದು ಗುರುತಿಸಲಾಗುವ ಕಟ್ಟಡವಿದೆ. ನಾಯಕರ ಸೈನ್ಯದ ಬಲ ಬೇಡ ಪಡೆಗಳಲ್ಲಿತ್ತು. ಆ ಪಡೆಗಳ ಬಲ ದೇಹಸಾಧನೆಯಲ್ಲಿತ್ತು. ಗರಡಿಯು ಆಗ ಬಿಡುವಿನ ವಿನೋದವಾಗಿರದೆ ಸೈನಿಕ ವ್ಯವಸ್ಥೆಯ ಅಂಗವಾಗಿತ್ತೆಂದು ತಿಳಿಯಲು ಇದು ಸಾಕಾದ ಆಧಾರ. ಕೋಟೆ ಬಿದ್ದ ಮೇಲೆ ಸುಮಾರು ಇಪ್ಪತ್ತು ಸಾವಿರ ಬೇಡರನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಲಾಯಿತೆಂದೂ, ಅವರಲ್ಲಿ ತಕ್ಕ ವಯಸ್ಸಿನ ಹುಡುಗರನ್ನು ಚೇಲಾ ಪಟಾಲಮುಗಳಿಗೆ ಸೇರಿಸಲಾಯಿತೆಂದೂ ವಿಲ್ಕ್ಸ್ ಮತ್ತು ರೈಸ್ ಬರೆದಿದ್ದಾರೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಪಳಗಿದ ಮೈಗಳನ್ನು ಗೆದ್ದ ಅರಸು ಕೊಳ್ಳೆಯ ವಸ್ತುವಿನಂತೆ ಎತ್ತಿಕೊಂಡು ಹೋದನೆಂಬ ಸಂಗತಿಯಲ್ಲಿ ಅನುಮಾನವಿಲ್ಲ. ಪಾಳೆಯಪಟ್ಟು ಅಳಿದು, ಸೈನಿಕ ವೃತ್ತಿ ಇಲ್ಲವಾದ ಮೇಲೂ ಗರಡಿ ಅಳಿಯಲಿಲ್ಲ. ಅದು ಕೋಟೆಯಿಂದ ಇಳಿದು ಪೇಟೆಯ ಕೇರಿಗಳಿಗೂ ಹಳ್ಳಿಯ ಜಾತ್ರೆಗಳಿಗೂ ಬಂದಿತು.

ಗರಡಿಯ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಶಾಲೆಯ ಆಟದ ಬಯಲಿನೊಡನೆ ಅದನ್ನು ಹೋಲಿಸಬೇಕಾದ ಸಂದರ್ಭ ಮುಂದೆ ಬರುತ್ತದೆ. ಮಲ್ಲವಿದ್ಯೆಗೆ ಕನ್ನಡ ನಾಡಿನಲ್ಲಿ ದೀರ್ಘ ಪರಂಪರೆಯಿದೆ. ಹನ್ನೆರಡನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಭಾಗವಿದ್ದು, ಜಟ್ಟಿಗಳ ಆಹಾರ, ಅಭ್ಯಾಸ, ಪಟ್ಟುಗಳ ನಿರೂಪಣೆ ಅಲ್ಲಿ ಬಂದಿದೆ. ಮೈಸೂರು ಅರಸರ ಕಾಲದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ದಸರೆಯ ಅಂಗವಾಯಿತು. ಕೇರಿಯ ಗರಡಿ ಇಷ್ಟು ವೈಭವದ್ದಲ್ಲ. ಕಿರಿದಾದ ಬಾಗಿಲು, ಕಡಿಮೆ ಬೆಳಕು, ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ ಬೆರೆಸಿ ಹದಮಾಡಿದ ಮಟ್ಟಿ, ಗೋಡೆಗೆ ಒರಗಿಸಿದ ಗದೆ, ಗೂಡಿನಲ್ಲಿ ಆಂಜನೇಯ. ಸಾಮು, ದಂಡ, ಬಸ್ಕಿಗಳಿಂದ ಮೈ ಹುರಿಗಟ್ಟಿದ ಮೇಲೆಯೇ ಮಟ್ಟಿಗೆ ಇಳಿಯುವ ಅಪ್ಪಣೆ. ಉಸ್ತಾದನ ಮಾತೇ ನಿಯಮ. ವಯಸ್ಸಿಗೆ ತಕ್ಕ ತರಗತಿ, ಗಂಟೆ, ಹಾಜರಿ ಪುಸ್ತಕಗಳು ಇಲ್ಲ. ಹತ್ತು ವರ್ಷದ ಹುಡುಗನೂ ಐವತ್ತರ ಪೈಲ್ವಾನನೂ ಒಂದೇ ಮಣ್ಣಿನಲ್ಲಿ ಹೊರಳುತ್ತಾರೆ. ಒಬ್ಬ ಹುಡುಗನ ಯೋಗ್ಯತೆ ತಿಳಿಯುವುದು ಜಾತ್ರೆಯ ಬಯಲು ಕುಸ್ತಿಯಲ್ಲಿ, ಊರಿನ ಕಣ್ಣೆದುರಿಗೆ.

ಗರಡಿಯನ್ನು ಹೊಗಳುವ ಬರಹಗಳು ಒಂದು ಮಾತನ್ನು ಬಿಟ್ಟುಬಿಡುವುದುಂಟು. ಅಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಬಹುತೇಕ ಗರಡಿಗಳು ಒಂದು ಕೇರಿಗೆ, ಹಲವು ವೇಳೆ ಒಂದು ಜಾತಿಗೆ ಸೇರಿದವಾಗಿದ್ದವು. ಒನಕೆ ಓಬವ್ವನ ಹೆಸರು ಕೋಟೆಯ ಕಿಂಡಿಯೊಂದಕ್ಕೆ ಅಂಟಿಕೊಂಡಿರುವ ಊರಿನಲ್ಲಿಯೇ ಹೆಣ್ಣಿನ ಅಂಗಸಾಧನೆಗೆ ಮನೆಗೆಲಸದ ಹೊರತು ಬೇರೆ ಜಾಗವಿರಲಿಲ್ಲ; ಓಬವ್ವನ ಆಯುಧವೂ ಒನಕೆಯೇ ತಾನೆ!

ಇನ್ನು ಕಥೋಲಿಕ ಶಾಲೆಯ ವಿಚಾರ. ಹಳೆಯ ಮೈಸೂರು ಸೀಮೆಯಲ್ಲಿ ಕಥೋಲಿಕ ಮಿಷನ್ನಿನ ಆರಂಭವನ್ನು 1649ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಾಮಿಯವರಿಂದ ಗುರುತಿಸುವುದು ವಾಡಿಕೆ. 1773ರಲ್ಲಿ ಯೇಸುಸಭೆ ವಿಸರ್ಜನೆಗೊಂಡ ಬಳಿಕ ಈ ಕ್ಷೇತ್ರ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಫ್ರೆಂಚ್ ಪಾದ್ರಿಗಳ ಕೈಗೆ ಬಂದಿತು. ಟಿಪ್ಪುವಿನ ಪತನದ ಅನಂತರ ಮೈಸೂರಿನಲ್ಲಿ ಕೆಲಸಮಾಡಿದ ಅಬ್ಬೆ ದುಬಾಯ್ ಈ ಸಂಸ್ಥೆಯವರೇ. 1850ರಲ್ಲಿ ಮೈಸೂರು ಪ್ರತ್ಯೇಕ ಪ್ರೇಷಿತಾಧಿಕಾರ ಕ್ಷೇತ್ರವಾಯಿತು. ಮೊದಲ ಧರ್ಮಾಧ್ಯಕ್ಷರಾದ ಶಾರ್ಬೊನೋ ಅವರ ಆಡಳಿತದಲ್ಲಿಯೇ, 1858ರಲ್ಲಿ, ಬೆಂಗಳೂರಿನಲ್ಲಿ ಸೇಂಟ್ ಜೋಸೆಫ್ಸ್ ಶಾಲೆ ಆರಂಭವಾಯಿತು. 1882ರಲ್ಲಿ ಅದರೊಂದಿಗೆ ಕಾಲೇಜು ವಿಭಾಗ ಸೇರಿತು. 1904ರಲ್ಲಿ ಭಾರತೀಯ ವಿದ್ಯಾರ್ಥಿಗಳ ವಿಭಾಗ ಬೇರ್ಪಟ್ಟು ಸೇಂಟ್ ಜೋಸೆಫ್ಸ್ ಇಂಡಿಯನ್ ಹೈಸ್ಕೂಲ್ ಆಯಿತು. 1937ರಲ್ಲಿ ಈ ಎಲ್ಲ ಸಂಸ್ಥೆಗಳ ಹೊಣೆಯನ್ನು ಯೇಸುಸಭೆ ವಹಿಸಿಕೊಂಡಿತು. ಕರಾವಳಿಯಲ್ಲಿ ಇಟಲಿಯ ಯೇಸುಸಭೆಯವರು 1878ರಲ್ಲಿ ಬಂದು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದರು.

ಈ ಶಾಲೆಗಳಲ್ಲಿ ಆಟವು ಪಾಠದ ನಡುವಿನ ಬಿಡುವಷ್ಟೇ ಆಗಿರಲಿಲ್ಲ. ಯೇಸುಸಭೆಯ ಶಿಕ್ಷಣಕ್ರಮವನ್ನು ನಿಗದಿಪಡಿಸಿದ 1599ರ ನಿಯಮಾವಳಿಯಲ್ಲಿಯೇ ವಿದ್ಯಾರ್ಥಿಗಳ ವಾರದ ವಿಶ್ರಾಂತಿಗೆ ಅವಕಾಶವಿತ್ತು. ಹತ್ತೊಂಬತ್ತನೆಯ ಶತಮಾನದ ಆಂಗ್ಲ ವಸತಿಶಾಲೆಗಳ ಪ್ರಭಾವದಿಂದ ಆ ವಿಶ್ರಾಂತಿಗೆ ಗೆರೆ ಹಾಕಿದ ಅಂಗಣ, ಎರಡು ತಂಡ, ತೀರ್ಪುಗಾರ, ಗಡಿಯಾರಗಳು ಸೇರಿಕೊಂಡವು. ಊರಿನಿಂದ ದೂರವಿದ್ದು ಬೋರ್ಡಿಂಗಿನಲ್ಲಿ ಬೆಳೆಯುವ ಹುಡುಗನ ಸಂಜೆಯ ಹೊತ್ತನ್ನು ಹೇಗೆ ತುಂಬುವುದು ಎಂಬ ಪ್ರಶ್ನೆಗೆ ಫುಟ್‌ಬಾಲ್, ಹಾಕಿಗಳು ಉತ್ತರವಾದವು. ಇದರ ಫಲ ಮೊದಲು ಕಂಡದ್ದು ಕಲ್ಕತ್ತೆಯಲ್ಲಿ. ಅಲ್ಲಿಯ ಯೇಸುಸಭೆಯ ಸೇಂಟ್ ಝೇವಿಯರ್ಸ್‌ನಲ್ಲಿ ಓದಿದ ನಾರ್ಮನ್ ಪ್ರಿಚರ್ಡ್ 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಓಟ ಹಾಗೂ 200 ಮೀಟರ್ ಹರ್ಡಲ್ಸ್‌ಗಳಲ್ಲಿ ಎರಡು ಬೆಳ್ಳಿಪದಕ ಪಡೆದನು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಬಾಯ್ಸ್ ಹೈಸ್ಕೂಲು ಬಹುಕಾಲದ ಅನಂತರ ರಾಹುಲ್ ದ್ರಾವಿಡ್ ಅವರಂತಹ ಕ್ರಿಕೆಟ್ ಪಟುವನ್ನು ಕೊಟ್ಟಿತು.

ಗರಡಿಗೂ ಈ ಮೈದಾನಕ್ಕೂ ಇರುವ ಅಂತರ ಆಟದ ಬಗೆಯಲ್ಲಷ್ಟೇ ಇಲ್ಲ. ಮೈದಾನವು ಬರವಣಿಗೆಯನ್ನು ಹುಟ್ಟಿಸುತ್ತದೆ. ತಂಡದ ಪಟ್ಟಿ, ಅಂಕಗಳು, ದಾಖಲೆಯ ಸಮಯ, ಬಹುಮಾನ ವಿತರಣೆಯ ಭಾಷಣ, ಶಾಲಾ ಸಂಚಿಕೆಯಲ್ಲಿ ಕ್ರೀಡಾಕಾರ್ಯದರ್ಶಿಯ ವರದಿ, ಕಪ್ಪಿನೊಡನೆ ತೆಗೆಸಿಕೊಂಡ ಛಾಯಾಚಿತ್ರ ಇವೆಲ್ಲ ಅದರ ಜೊತೆಗೇ ಬರುತ್ತವೆ. ಗರಡಿಯಲ್ಲಿ ಉಳಿಯುವುದು ಉಸ್ತಾದನ ನೆನಪು ಮಾತ್ರ. ಆತನೊಡನೆ ಅದೂ ಹೋಗುತ್ತದೆ. ಇಂದು ಶಾಲಾಕ್ರೀಡೆಯ ಚರಿತ್ರೆ ಬರೆಯ ಹೊರಟವರಿಗೆ ಮಿಷನ್ ಶಾಲೆಗಳ ಕಪಾಟುಗಳಲ್ಲಿ ಸಾಮಗ್ರಿ ದೊರೆಯುತ್ತದೆ, ಕೇರಿಗಳಲ್ಲಿ ದೊರೆಯುವುದಿಲ್ಲ. ಕ್ರೀಡೆ ಮಿಷನ್ ಶಾಲೆಯಿಂದ ಹರಡಿತೆಂಬ ಅಭಿಪ್ರಾಯ ಹುಟ್ಟಿದ್ದು ಬಹುಮಟ್ಟಿಗೆ ಈ ಸಾಮಗ್ರಿಯ ಅಸಮತೆಯಿಂದಲೇ.

ದುರ್ಗದ ಸೀಮೆಗೆ ಕಥೋಲಿಕ ಪ್ರೌಢಶಾಲೆ ಬೇಗ ಬರಲಿಲ್ಲ. ಫ್ರೆಂಚ್ ಪಾದ್ರಿಗಳ ಶಕ್ತಿಯ ಹೆಚ್ಚಿನ ಪಾಲು ಬೆಂಗಳೂರಿನ ದಂಡುಪ್ರದೇಶ, ಮೈಸೂರು, ಶ್ರೀರಂಗಪಟ್ಟಣಗಳ ಸುತ್ತ ವಿನಿಯೋಗವಾಯಿತು. ಶಾಲೆಯನ್ನು ನಡೆಸಲು ಬೇಕಾದಷ್ಟು ಕಥೋಲಿಕ ಕುಟುಂಬಗಳು ಒಂದೆಡೆ ನೆಲೆಸಿದಲ್ಲಿ ಮಾತ್ರ ಶಾಲೆ ಗಟ್ಟಿಯಾಗುತ್ತಿತ್ತು. ಆಡಳಿತದ ದೃಷ್ಟಿಯಿಂದಲೂ ಈ ಪ್ರದೇಶ ಅಂಚಿನದೇ. 1886ರಲ್ಲಿ ಮೈಸೂರು ಧರ್ಮಪ್ರಾಂತ್ಯ, 1940ರಲ್ಲಿ ಬೆಂಗಳೂರು ಧರ್ಮಪ್ರಾಂತ್ಯ ರಚನೆಗೊಂಡವು. 1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯ ಏರ್ಪಟ್ಟಾಗ ಚಿತ್ರದುರ್ಗವು ಅದಕ್ಕೆ ಸೇರಿತು. ಹತ್ತಿರದ ಧರ್ಮಾಸನವೊಂದು ಈ ಸೀಮೆಗೆ ದೊರೆಯಲು ಸ್ವಾತಂತ್ರ್ಯ ಬಂದು ನಾಲ್ಕು ದಶಕಗಳೇ ಬೇಕಾದವು. ಚಿತ್ರದುರ್ಗ ನಗರದಲ್ಲಿರುವ ಸಂತ ಜೋಸೆಫರ ಹೆಸರಿನ ಕಾನ್ವೆಂಟ್ ಶಾಲೆ, ಡಾನ್ ಬಾಸ್ಕೊ ಸಂಸ್ಥೆಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸಲೇಶಿಯನ್ ಸಭೆಯ ಸ್ಥಾಪಕರಾದ ಜಾನ್ ಬಾಸ್ಕೊ ಇಟಲಿಯ ಟ್ಯೂರಿನ್‌ನಲ್ಲಿ ದಿಕ್ಕಿಲ್ಲದ ಹುಡುಗರನ್ನು ಒಟ್ಟುಗೂಡಿಸಿದ್ದು ಆಟದ ಅಂಗಳದಲ್ಲಿ. ಮನೆ, ಶಾಲೆ, ದೇಗುಲಗಳ ಜೊತೆಗೆ ಆಟದ ಅಂಗಳವೂ ತಮ್ಮ ಸಂಸ್ಥೆಯ ಅವಿಭಾಜ್ಯ ಅಂಗವೆಂಬುದು ಅವರ ಪದ್ಧತಿ. ಇಂತಹ ಪದ್ಧತಿ ದುರ್ಗಕ್ಕೆ ಬರುವ ವೇಳೆಗೆ ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಬೇರೆಯೇ ಮತಧರ್ಮದ ನೆಲೆಯಿಂದ, ಅನಾಥ ಹುಡುಗರನ್ನು ವ್ಯಾಯಾಮದ ಸುತ್ತ ಕೂಡಿಸುವ ಕೆಲಸ ಹಳೆಯದಾಗಿಹೋಗಿತ್ತು.

ಆ ವಿಷಯಕ್ಕೆ ಬರುವ ಮೊದಲು ಸರ್ಕಾರಿ ಶಾಲೆಗಳ ಡ್ರಿಲ್ಲನ್ನು ಸಂಕ್ಷೇಪವಾಗಿ ಹೇಳಬೇಕು. 1854ರ ಶಿಕ್ಷಣ ನಿರೂಪದ ಅನಂತರ ಮೈಸೂರಿನಲ್ಲಿ ಶಿಕ್ಷಣ ಇಲಾಖೆ ರೂಪುಗೊಂಡಿತು. 1868ರಲ್ಲಿ ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ ಹಳ್ಳಿಗಾಡಿಗೆ ಸರ್ಕಾರಿ ಶಾಲೆಯನ್ನು ತಂದಿತು. ಈ ಶಾಲೆಗಳಲ್ಲಿ ಅಂಗಸಾಧನೆಯೆಂದರೆ ಡ್ರಿಲ್: ಸಾಲಾಗಿ ನಿಲ್ಲುವುದು, ಇಂಗ್ಲಿಷ್ ಆಜ್ಞೆಗೆ ಕೈಕಾಲು ಆಡಿಸುವುದು. ಇದು ಗರಡಿಯ ಹುಡುಗನಿಗೆ ಸಪ್ಪೆಯೆನಿಸಿದ್ದರೆ ಆಶ್ಚರ್ಯವಿಲ್ಲ. ಹಗಲು ಶಾಲೆ, ಬೆಳಗ್ಗೆ ಮತ್ತು ಸಂಜೆ ಗರಡಿ ಎಂಬ ಎರಡು ಲೋಕಗಳು ಒಂದಕ್ಕೊಂದು ತಾಗದೆ ನಡೆದವು.

ಇವೆರಡನ್ನೂ ಜೋಡಿಸುವ ಪ್ರಯತ್ನ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ದೇಶದ ಹಲವೆಡೆ ಒಟ್ಟಿಗೇ ಕಾಣಿಸಿಕೊಂಡಿತು. ಬರೋಡೆಯಲ್ಲಿ ಪ್ರೊ. ಮಾಣಿಕರಾವ್ ದೇಶೀಯ ವ್ಯಾಯಾಮಗಳನ್ನು ಸಾಮೂಹಿಕ ಕವಾಯತಿನ ಕ್ರಮಕ್ಕೆ ಅಳವಡಿಸಿ ಭಾರತೀಯ ಭಾಷೆಯ ಆಜ್ಞೆಗಳನ್ನು ಬಳಕೆಗೆ ತಂದರು. 1914ರಲ್ಲಿ ಆರಂಭವಾದ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು 1936ರ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ದೇಶೀಯ ಆಟಗಳ ಪ್ರದರ್ಶನ ನೀಡಿದರು. ಔಂಧ್ ಸಂಸ್ಥಾನದ ರಾಜರು ಸೂರ್ಯನಮಸ್ಕಾರವನ್ನು ಶಾಲೆಗಳಿಗೆ ತಂದರು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ 1933ರಿಂದ ಟಿ. ಕೃಷ್ಣಮಾಚಾರ್ಯರ ಯೋಗಶಾಲೆ ನಡೆಯಿತು. ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ (ಕಾದಂಬರಿಕಾರರೆಂದು ಕನ್ನಡಿಗರು ಬಲ್ಲ ಅವರೇ) ಪಾಶ್ಚಾತ್ಯ ದೇಹದಾರ್ಢ್ಯವನ್ನು ಸೂರ್ಯನಮಸ್ಕಾರದೊಡನೆ ಬೆಸೆದರು. ಇದಕ್ಕೆ ಸಮಾನಾಂತರವಾಗಿ 1920ರಲ್ಲಿ ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಸ್ಥಾಪಿಸಿದ ವೈ.ಎಂ.ಸಿ.ಎ. ಕಾಲೇಜು ದಕ್ಷಿಣ ಭಾರತದ ಶಾಲೆಗಳಿಗೆ ತರಬೇತಾದ ದೈಹಿಕ ಶಿಕ್ಷಕರನ್ನು ಒದಗಿಸತೊಡಗಿತು. ಅದೇ 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೋದ ಭಾರತದ ತಂಡದಲ್ಲಿ ಬೆಳಗಾವಿಯ ಮ್ಯಾರಥಾನ್ ಓಟಗಾರ ಫಡೆಪ್ಪ ಚೌಗುಲೆ ಇದ್ದರು. ಜೊತೆಗೆ ಮರಾಠಿ ನಾಡಿನ ಇಬ್ಬರು ಕುಸ್ತಿಪಟುಗಳೂ ಇದ್ದರು. ಮಟ್ಟಿಯೂ ಮೈದಾನವೂ ಒಂದೇ ತಂಡವಾಗಿ ಸಮುದ್ರ ದಾಟಿದ ಸಂದರ್ಭವಿದು.

ಈ ಆಂದೋಲನದ ಒಂದು ಕವಲು ದುರ್ಗದ ಸೀಮೆಗೆ ಬಂದದ್ದು ಒಬ್ಬ ಅಲೆಮಾರಿ ವ್ಯಾಯಾಮ ಶಿಕ್ಷಕರ ಮೂಲಕ. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ ಎಂದು ಮುಂದೆ ಪ್ರಸಿದ್ಧರಾದ ಇವರು ಉಡುಪಿಯ ಕಡೆಯ ಬಾರಕೂರಿನ ಮೂಲದವರು. ಪಳನಿ ಸ್ವಾಮಿಗಳೆಂಬ ಗುರುಗಳಿಂದ ಯೋಗವಿದ್ಯೆಯನ್ನು ಪಡೆದು, ಆಯುರ್ವೇದವನ್ನೂ ಅಭ್ಯಾಸಮಾಡಿ, ಊರಿಂದೂರಿಗೆ ಹೋಗಿ ಯೋಗ ಮತ್ತು ವ್ಯಾಯಾಮ ಶಿಬಿರಗಳನ್ನು ನಡೆಸುತ್ತಿದ್ದರು. ಜನ ಅವರನ್ನು ಕರೆದದ್ದು 'ವ್ಯಾಯಾಮದ ಮೇಷ್ಟ್ರು' ಎಂದು. ಸ್ವಾಮೀಜಿ ಎಂಬುದು ಅನಂತರದ ಹೆಸರು. ಶಿಬಿರದ ನಿಮಿತ್ತವಾಗಿಯೇ 1943ರಲ್ಲಿ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಗೆ ಬಂದವರು ಅಲ್ಲಿಯೇ ನೆಲೆನಿಂತು ಅನಾಥ ಸೇವಾಶ್ರಮವನ್ನು ಕಟ್ಟಿದರು. 1996ರ ಆಗಸ್ಟ್ 31ರಂದು, ನೂರು ದಾಟಿದ ವಯಸ್ಸಿನಲ್ಲಿ, ಅಲ್ಲಿಯೇ ದೇಹಬಿಟ್ಟರು.

ಮೇಷ್ಟ್ರು ಕಲಿಸಿದ ಕ್ರಮದ ಮಹತ್ವ ಅರಿಯಬೇಕಾದರೆ ಶಿಬಿರವೆಂಬ ರೂಪವನ್ನೇ ಗಮನಿಸಬೇಕು. ಗರಡಿಗೆ ಕಟ್ಟಡ ಬೇಕು, ಮಟ್ಟಿ ಬೇಕು, ಉಸ್ತಾದನ ಶಿಷ್ಯನಾಗಿ ವರ್ಷಗಟ್ಟಲೆ ನಡೆದುಕೊಳ್ಳಬೇಕು. ಕಥೋಲಿಕ ಶಾಲೆಯ ಮೈದಾನಕ್ಕೆ ಜಮೀನು, ಚೆಂಡು, ಬೋರ್ಡಿಂಗ್ ಬೇಕು. ಶಿಬಿರಕ್ಕೆ ಬೇಕಾದುದು ಊರ ಮುಂದಿನ ಬಯಲು ಮತ್ತು ಕೆಲವು ದಿನಗಳ ಬಿಡುವು. ಸೂರ್ಯನಮಸ್ಕಾರ, ಆಸನಗಳು, ಸಾಮೂಹಿಕ ವ್ಯಾಯಾಮ ಇವಕ್ಕೆ ಸಲಕರಣೆಯ ವೆಚ್ಚವಿಲ್ಲ. ಗೆಲ್ಲುವುದು, ಸೋಲುವುದು ಇಲ್ಲದ್ದರಿಂದ ಕೇರಿಗಳ ನಡುವಣ ಜಿದ್ದಿಗೂ ಅಲ್ಲಿ ಎಡೆ ಕಡಿಮೆ. ಬರಗಾಲದ ಸೀಮೆಗೆ ಇದಕ್ಕಿಂತ ಹೊಂದುವ ಅಂಗಸಾಧನೆಯ ಕ್ರಮ ಸಿಗುವುದು ಕಷ್ಟ. ವೈದ್ಯವೂ ಅದರೊಡನೆ ಸೇರಿಕೊಂಡಿತ್ತೆಂಬುದು ಇನ್ನೊಂದು ಮುಖ್ಯ ಅಂಶ. ವೈದ್ಯಕೀಯ ಸೌಲಭ್ಯ ದೂರದ ಮಾತಾಗಿದ್ದ ಹಳ್ಳಿಗಳಲ್ಲಿ ಮೈಯನ್ನು ಪಳಗಿಸುವವರೂ ರೋಗವನ್ನು ಗುಣಪಡಿಸುವವರೂ ಒಬ್ಬರೇ ಆಗಿದ್ದರು. 'ಅಭಿನವ ಧನ್ವಂತರಿ' ಎಂಬ ಹೆಸರು ಅವರಿಗೆ ಬಂದದ್ದು ಹಾಗೆ.

ಶಾಲೆ ಬಂದದ್ದು ಆಶ್ರಮದ ಬೆನ್ನಿಗೆ. ಅನಾಥ ಮಕ್ಕಳಿಗೆ ಅನ್ನ, ವಸತಿ ಕೊಟ್ಟಮೇಲೆ ಅಕ್ಷರವನ್ನೂ ಕೊಡಬೇಕಾಯಿತು. ಪ್ರೌಢಶಾಲೆ, ಶಿಕ್ಷಕರ ತರಬೇತಿ, ದೈಹಿಕ ಶಿಕ್ಷಕರ ತರಬೇತಿ, ಆಯುರ್ವೇದ ಕಾಲೇಜು ಹೀಗೆ ಸಂಸ್ಥೆಗಳು ಬೆಳೆದವು. ಹಣದ ಮೂಲ ಜೋಳಿಗೆ. ಊರೂರು ತಿರುಗಿ ಬೇಡಿ ತಂದ ಕಾಸಿನಿಂದ ಕಟ್ಟಿದ ಸಂಸ್ಥೆಯೆಂಬುದನ್ನು ಅವರು ಮರೆಮಾಚಲಿಲ್ಲ. 'ತಿರುಕ' ಎಂಬುದನ್ನೇ ತಮ್ಮ ಕಾವ್ಯನಾಮವಾಗಿಸಿಕೊಂಡರು. ಆತ್ಮಕಥೆಗೆ 'ಜೋಳಿಗೆಯ ಪವಾಡ' ಎಂದು ಹೆಸರಿಟ್ಟರು. ಮಿಷನ್ ಶಾಲೆಗೆ ಹಿಂದೆ ಯುರೋಪಿನ ಸಭೆಯ ಆಸರೆ, ಮುಂದೆ ಸರ್ಕಾರದ ಅನುದಾನ ಇದ್ದವು. ಮಠಗಳ ಶಾಲೆಗಳಿಗೆ ಭಕ್ತಸಮುದಾಯವಿತ್ತು. ಇದೇ ಸೀಮೆಯ ಸಿರಿಗೆರೆಯಲ್ಲಿ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು ತರಳಬಾಳು ಸಂಸ್ಥೆಯ ಮೂಲಕ ಹಳ್ಳಿಗಾಡಿನಲ್ಲಿ ಪ್ರೌಢಶಾಲೆಗಳ ಜಾಲವನ್ನೇ ಹರಡಿದ್ದು ಅಂತಹ ಆಸರೆಯಿಂದ. ಮಲ್ಲಾಡಿಹಳ್ಳಿಗೆ ಇವೆರಡೂ ಇರಲಿಲ್ಲ. ಒಂದು ಜಾತಿಯ ಅಥವಾ ಒಂದು ಪೀಠದ ಸೊತ್ತಾಗದೆ ಅದು ಉಳಿದುದಕ್ಕೆ ಈ ಬಡತನವೂ ಒಂದು ಕಾರಣವೆಂದು ಹೇಳಬಹುದು.

ಈ ಪ್ರಕರಣವನ್ನು ಕಥೋಲಿಕ ವಸತಿಶಾಲೆಯೊಡನೆ ಹೋಲಿಸಿದಾಗ ಸಾಮ್ಯಗಳು ಕಣ್ಣಿಗೆ ಬೀಳದಿರವು. ಎರಡೂ ಕಡೆ ಸಂಸಾರ ತೊರೆದವರ ಆಡಳಿತ, ನಸುಕಿನಿಂದ ರಾತ್ರಿಯವರೆಗೆ ಗಂಟೆಯ ಲೆಕ್ಕದ ದಿನಚರಿ, ಪ್ರಾರ್ಥನೆ, ಒಟ್ಟಾಗಿ ಊಟ, ದೇಹಶ್ರಮಕ್ಕೆ ಧಾರ್ಮಿಕ ಬೆಲೆ. ಭೇದವಿರುವುದು ಕ್ರಮದಲ್ಲಿ. ಬೆಂಗಳೂರಿನ ಶಾಲೆಯಲ್ಲಿ ವಿದ್ಯಾರ್ಥಿ ಮೊದಲು ಬಂದ, ಆತನ ಸಂಜೆಗಾಗಿ ಆಟ ಬಂದಿತು. ಮಲ್ಲಾಡಿಹಳ್ಳಿಯಲ್ಲಿ ವ್ಯಾಯಾಮ ಮೊದಲು ಬಂದಿತು, ಅದನ್ನು ಕಲಿಯಲು ನೆರೆದವರಿಗಾಗಿ ಶಾಲೆ ಬಂದಿತು. ಇದರ ಫಲವೂ ಬೇರೆಯಾಯಿತು. ಕಥೋಲಿಕ ಪ್ರೌಢಶಾಲೆ ಆಟಗಾರರನ್ನು ಕೊಟ್ಟಿತು; ಅವರ ಹೆಸರುಗಳು ದಾಖಲೆ ಪುಸ್ತಕಗಳಲ್ಲಿವೆ. ಮಲ್ಲಾಡಿಹಳ್ಳಿ ಕೊಟ್ಟದ್ದು ಯೋಗ ಮತ್ತು ವ್ಯಾಯಾಮದ ಶಿಕ್ಷಕರನ್ನು. ಅಂತಹವರ ಹೆಸರು ಸಾಮಾನ್ಯವಾಗಿ ಎಲ್ಲಿಯೂ ಅಚ್ಚಾಗುವುದಿಲ್ಲ. ಒಂದು ಸಂಸ್ಥೆಯ ಕ್ರೀಡಾಸಾಧನೆಯನ್ನು ಗೆದ್ದ ಕಪ್ಪುಗಳಿಂದಲೇ ಅಳೆಯುವ ಪರಿಪಾಠ ಇರುವವರೆಗೆ ಮಲ್ಲಾಡಿಹಳ್ಳಿಗೆ ಚರಿತ್ರೆಯಲ್ಲಿ ಸಲ್ಲಬೇಕಾದ ಜಾಗ ಸಲ್ಲಲಾರದು.

ಸಾಹಿತ್ಯದ ಕಡೆಗೂ ಈ ಆಶ್ರಮದ ಶಾಲೆಯ ಕೈ ಚಾಚಿತ್ತು. ಸ್ವಾಮೀಜಿ ಸ್ವತಃ ನಾಟಕ ಮೊದಲಾದ ಪ್ರಕಾರಗಳಲ್ಲಿ ಬರೆದವರು. 'ತೇರು' ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ರಾಘವೇಂದ್ರ ಪಾಟೀಲರು ಇಲ್ಲಿ ಅಧ್ಯಾಪಕರಾಗಿದ್ದು, 'ಸಂವಾದ' ಪತ್ರಿಕೆಯನ್ನು ಮಲ್ಲಾಡಿಹಳ್ಳಿಯಿಂದಲೇ ಹೊರತಂದರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1987ರಲ್ಲಿ ಶಿವಕುಮಾರ ಕಲಾಸಂಘವನ್ನೂ 1997ರಲ್ಲಿ ಶಿವಸಂಚಾರ ರಂಗತಂಡವನ್ನೂ ಸ್ಥಾಪಿಸಿದ್ದು ಬೇರೆ ಉದ್ದೇಶದಿಂದ. ಆದರೂ ನಟನ ಮೈಯನ್ನು ದಿನನಿತ್ಯದ ಶಿಸ್ತಿನಿಂದ ಹದಗೊಳಿಸುವ ಆ ಕೆಲಸವನ್ನು ಈ ಸೀಮೆಯ ಅಂಗಸಾಧನೆಯ ಚರಿತ್ರೆಯಿಂದ ಪೂರ್ತಿ ಹೊರಗಿಡಲಾಗದು.

ಸ್ವಾತಂತ್ರ್ಯಾನಂತರ ಗರಡಿ, ಮಿಷನ್ ಶಾಲೆ, ಆಶ್ರಮದ ಶಾಲೆ, ಸರ್ಕಾರಿ ಶಾಲೆಗಳ ನಡುವಣ ಅಂತರವನ್ನು ಬಹುಮಟ್ಟಿಗೆ ತೊಡೆದದ್ದು ಸರ್ಕಾರ. 1954ರಲ್ಲಿ ಭಾರತ ಶಾಲಾ ಕ್ರೀಡಾ ಒಕ್ಕೂಟ ಸ್ಥಾಪನೆಗೊಂಡಿತು. 1956ರಲ್ಲಿ ದೈಹಿಕ ಶಿಕ್ಷಣದ ರಾಷ್ಟ್ರೀಯ ಯೋಜನೆ ಸಿದ್ಧವಾಯಿತು. ಕ್ರಮೇಣ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳ ಕ್ರೀಡಾಕೂಟಗಳು ಎಲ್ಲ ಶಾಲೆಗಳಿಗೂ ಸಮಾನವಾದವು. ಕಾನ್ವೆಂಟಿನ ವಿದ್ಯಾರ್ಥಿಯೂ ಆಶ್ರಮದ ವಿದ್ಯಾರ್ಥಿಯೂ ಸುಣ್ಣದಲ್ಲಿ ಎಳೆದ ಒಂದೇ ಗೆರೆಯ ಹಿಂದೆ ನಿಂತರು. ಸ್ಪರ್ಧೆಗಳ ಪಟ್ಟಿಯೂ ಒಂದೇ: ಓಟ, ಎಸೆತ, ಜಿಗಿತಗಳು, ಕಬಡ್ಡಿ, ಖೊಖೊ, ವಾಲಿಬಾಲ್, ಥ್ರೋಬಾಲ್. ಇವುಗಳಲ್ಲಿ ಕಬಡ್ಡಿ, ಖೊಖೊಗಳು ಹಳ್ಳಿಯ ಆಟಗಳೇ ಆದರೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪುಣೆ, ಬರೋಡೆಗಳಲ್ಲಿ ನಿಯಮಬದ್ಧಗೊಂಡು ಶಾಲೆಗೆ ಮರಳಿದವು. ಬಯಲುಸೀಮೆಯ ಶಾಲೆಗಳು ಇವನ್ನು ಬೇಗನೆ ಒಪ್ಪಿಕೊಂಡವು. ಚೆಂಡಿಲ್ಲ, ಬ್ಯಾಟಿಲ್ಲ, ಹುಲ್ಲಿಲ್ಲ. ನೆಲವನ್ನು ಹಸನುಮಾಡಿ ಗೆರೆ ಎಳೆದರಾಯಿತು.

ಈ ಏಕರೂಪತೆಯಿಂದ ಲಾಭವೂ ನಷ್ಟವೂ ಆಗಿವೆ. ನಷ್ಟವನ್ನು ಮೊದಲು ಹೇಳುವುದಾದರೆ, ಗರಡಿಯು ಶಾಲೆಯ ಹೊರಗೇ ಉಳಿಯಿತು. ಶಾಲಾ ಕುಸ್ತಿ ಸ್ಪರ್ಧೆ ಚಾಪೆಯ ಮೇಲೆ, ತೂಕದ ವರ್ಗಗಳಲ್ಲಿ, ಅಂಕದ ಲೆಕ್ಕದಲ್ಲಿ ನಡೆಯುವಂಥದು; ಮಟ್ಟಿಯಲ್ಲಿ ಕಲಿತ ಹುಡುಗನ ಪಟ್ಟುಗಳು ಅಲ್ಲಿ ಅರ್ಧದಷ್ಟೂ ನಡೆಯವು. ಉಸ್ತಾದನಿಗೆ ಶಿಕ್ಷಕನ ಪ್ರಮಾಣಪತ್ರವಿಲ್ಲದ್ದರಿಂದ ಶಾಲೆಯ ಬಾಗಿಲು ತೆರೆಯಲಿಲ್ಲ. ಆಸನಗಳ ಗತಿಯೂ ವಿಚಿತ್ರವಾಯಿತು. ಸ್ಪರ್ಧೆಯಿಲ್ಲದ ಸಾಧನೆಯೆಂದು ಮಲ್ಲಾಡಿಹಳ್ಳಿಯ ಮೇಷ್ಟ್ರು ಊರೂರಿಗೆ ಒಯ್ದ ಯೋಗವು ಅಂಕ ಕೊಡುವ ಸ್ಪರ್ಧೆಯಾಗಿ ಕ್ರೀಡಾಕೂಟದ ಪಟ್ಟಿಯನ್ನು ಸೇರಿತು. ವಿಶ್ವಸಂಸ್ಥೆ 2014ರಲ್ಲಿ ಘೋಷಿಸಿದ ಯೋಗದಿನ 2015ರಿಂದ ಪ್ರತಿ ಜೂನ್ 21ರಂದು ಶಾಲೆಗಳಲ್ಲಿ ಆಚರಣೆಯಾಗುತ್ತಿದೆ. ಆ ದಿನದ ಸಾಮೂಹಿಕ ಆಸನಗಳ ನೋಟ 1940ರ ದಶಕದ ಶಿಬಿರಕ್ಕೆ ಹತ್ತಿರವಾದುದು. ಆದರೆ ಅದು ವರ್ಷದ ಒಂದು ದಿನದ ಮಾತು.

ಲಾಭದ ಕಡೆ ದೊಡ್ಡದು ಹೆಣ್ಣುಮಕ್ಕಳದು. ಇಲ್ಲಿ ಕಥೋಲಿಕ ಸಂನ್ಯಾಸಿನಿಯರ ಶಾಲೆಗಳಿಗೆ ಸಲ್ಲಬೇಕಾದುದನ್ನು ಸಲ್ಲಿಸಲೇಬೇಕು. ಬೆಂಗಳೂರಿನಲ್ಲಿ 1854ರಲ್ಲಿ ಗುಡ್ ಶೆಫರ್ಡ್ ಸಭೆಯ ಸಹೋದರಿಯರು, ಮಂಗಳೂರಿನಲ್ಲಿ 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಹೋದರಿಯರು ಆರಂಭಿಸಿದ ಬಾಲಿಕಾಶಾಲೆಗಳು ಹುಡುಗಿಯರಿಗೆ ಗೋಡೆಯೊಳಗಿನ ಒಂದು ಬಯಲನ್ನು ಒದಗಿಸಿದವು. ಆ ಬಯಲಿಗೆ ಗೋಡೆ ಇತ್ತೆಂಬುದೇ ಅದರ ಗುಣ. ಹೊರಗಿನ ಕಣ್ಣಿಲ್ಲದೆಡೆ ಮಗಳು ಓಡಲಿ, ಚೆಂಡಾಡಲಿ ಎಂದು ಒಪ್ಪಿದ ತಾಯ್ತಂದೆಯರು ಊರ ನಡುವಣ ಬಯಲಿಗೆ ಅವಳನ್ನು ಕಳುಹಿಸುತ್ತಿರಲಿಲ್ಲ. ಗರಡಿಯಾಗಲಿ, ಸರ್ಕಾರಿ ಡ್ರಿಲ್ ಆಗಲಿ ಮಾಡದ ಕೆಲಸವಿದು. ಚಿತ್ರದುರ್ಗದಂತಹ ಜಿಲ್ಲಾಕೇಂದ್ರಗಳಿಗೆ ಕಾನ್ವೆಂಟ್ ಶಾಲೆ ಬರುವ ಹೊತ್ತಿಗೆ ಈ ರೂಢಿ ಆ ಶಾಲೆಗಳಲ್ಲಿ ಶತಮಾನದಷ್ಟು ಹಳೆಯದಾಗಿತ್ತು. ಸರ್ಕಾರದ ಕ್ರೀಡಾಕೂಟಗಳು ಅದೇ ಹುಡುಗಿಯರನ್ನು ಗೋಡೆಯಿಂದಾಚೆಗೆ ತಂದವು, ಹಳ್ಳಿಯ ಸರ್ಕಾರಿ ಶಾಲೆಯ ಹುಡುಗಿಯರನ್ನು ಅವರ ಪಕ್ಕದಲ್ಲಿ ನಿಲ್ಲಿಸಿದವು.

ಇಂದು ಚಿತ್ರದುರ್ಗದ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಅದರೊಳಗಿನ ಗರಡಿಮನೆ ಪ್ರವಾಸಿಗಳು ನೋಡಿ ಹೋಗುವ ಸ್ಮಾರಕ. ಮಲ್ಲಾಡಿಹಳ್ಳಿಯನ್ನು ತಿರುಕನೂರೆಂದು ಕರೆಯುವವರಿದ್ದಾರೆ. ಅಲ್ಲಿ ನಾಟಕೋತ್ಸವಗಳು ನಡೆದಿವೆ. ಕೋಟೆಯ ಕೆಳಗಿನ ನಗರದಲ್ಲಿ ಶಾಲಾ ಮಕ್ಕಳ ಓಟದ ಸ್ಪರ್ಧೆಗಳು ನಡೆಯುವ ಜಿಲ್ಲಾ ಕ್ರೀಡಾಂಗಣಕ್ಕೆ ವೀರವನಿತೆ ಒನಕೆ ಓಬವ್ವನ ಹೆಸರಿಡಲಾಗಿದೆ.